ಚಪ್ಪಡಿಯ ಮೇಲೆ ನಾಲ್ಕು ಊರು

ಕೆ.ಆರ್. ನಗರದ ಗರುಡಗಂಬದ ವೃತ್ತದಿಂದ ಹಳೆಯ ಬೀದಿಗಳ ಕಡೆ ಹೊರಳಿಕೊಂಡರೆ, ಈ ಊರನ್ನು ಯಾರೋ ಕೂತು ಯೋಚನೆ ಮಾಡಿ, ದಾರ ಹಿಡಿದು ಕಟ್ಟಿದ್ದಾರೆ ಅನ್ನುವುದು ಕಾಲಿಗೇ ತಿಳಿಯುತ್ತದೆ. ರಸ್ತೆ ನೇರ, ಅಡ್ಡರಸ್ತೆಯೂ ನೇರ. ಯಾರಾದರೂ ವಿಳಾಸ ಕೇಳಿದರೆ ‘ಸೀದಾ ಹೋಗಿ, ಕ್ರಾಸಲ್ಲಿ ಎಡಕ್ಕೆ ತಿರುಗಿ’ ಎಂದರೆ ಸಾಕು. ಹುಣಸೂರಿನ ಅಂಕುಡೊಂಕು ಗಲ್ಲಿಗಳಲ್ಲಿ ಬೆಳೆದವಳಾದ ನನಗೆ ಇಲ್ಲಿಗೆ ಬಂದಾಗಲೆಲ್ಲ ಒಂದು ಆಸೆ ಹುಟ್ಟುತ್ತದೆ. ನಮ್ಮ ಊರಿಗೂ ಯಾರಾದರೂ ಹೀಗೆ ದಾರ ಹಿಡಿದಿದ್ದರೆ!

ಈ ಊರಿನ ಮೂಲ ಎಡತೊರೆ. ಕಾವೇರಿ ದಂಡೆಯಲ್ಲಿ ಅರ್ಕೇಶ್ವರನ ಗುಡಿಯ ಸುತ್ತ ಬೆಳೆದ ಹಳೆಯ ಊರು ಅದು. ಹೊಳೆಯ ಪಕ್ಕದ ಊರಿಗೆ ನೆರೆಯ ಭಯ ತಪ್ಪಿದ್ದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹೊಳೆಯಿಂದ ಈಚೆಗೆ ಹೊಸ ಊರು ಎದ್ದಿತು, ಅವರ ಹೆಸರನ್ನೇ ಇಟ್ಟುಕೊಂಡಿತು. ಆ ಹೊತ್ತಿಗೆ ಮೈಸೂರು ಸಂಸ್ಥಾನಕ್ಕೆ ಊರು ಕಟ್ಟುವ ಕೆಲಸ ಹೊಸದಾಗಿರಲಿಲ್ಲ. 1897-98ರ ಪ್ಲೇಗು ಇಕ್ಕಟ್ಟಿನ ಕೇರಿಗಳಲ್ಲಿ ಜನರನ್ನು ಗುಡಿಸಿಕೊಂಡು ಹೋದ ಮೇಲೆ, 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಗಾಳಿ ಆಡಬೇಕು, ಮನೆಯ ಕೊಳಕು ನೀರು ನಿಲ್ಲದೆ ಹರಿಯಬೇಕು, ಎದುರುಬದುರು ಬರುವ ಎರಡು ಗಾಡಿಗಳಿಗೆ ದಾರಿಯಿರಬೇಕು. ಇವು ಅಂದಿನವರಿಗೆ ಜೀವ ಉಳಿಸುವ ಲೆಕ್ಕವಾಗಿದ್ದವು. ಕೆ.ಆರ್. ನಗರದ ಅಗಲ ಬೀದಿಗಳು ಆ ಲೆಕ್ಕದ ಕಾಲದವು.

ಈಗ ಆ ಅಗಲ ಎಲ್ಲಿದೆ? ಬಜಾರಿನ ಕಡೆ ನಡೆದು ನೋಡಿ. ಅಂಗಡಿಯವರು ಮುಂದಕ್ಕೆ ಇಳಿಜಾರು ಕಟ್ಟಿದ್ದಾರೆ, ಮೇಲೆ ತಗಡು ಇಳಿಸಿದ್ದಾರೆ. ತಗಡಿನ ಆಚೆ ಬೈಕಿನ ಸಾಲು, ಅದರಾಚೆ ತಳ್ಳುಗಾಡಿ, ತಳ್ಳುಗಾಡಿಯ ಆಚೆ ಭತ್ತದ ಚೀಲ ತುಂಬಿದ ಟ್ರ್ಯಾಕ್ಟರು. ಶಾಲೆಯ ಚೀಲ ಹೊತ್ತ ಮಗು ಟ್ರ್ಯಾಕ್ಟರಿನ ಚಕ್ರದ ಪಕ್ಕದಲ್ಲಿ, ನಟ್ಟನಡು ರಸ್ತೆಯಲ್ಲಿ ನಡೆಯುತ್ತದೆ. ರಸ್ತೆ ಕಿರಿದಾಗಿದ್ದಕ್ಕೆ ಹೀಗಾಗಿಲ್ಲ. ಇಷ್ಟು ಅಗಲದ ಬೀದಿ ಸಿಕ್ಕರೆ ಬೇರೆ ಊರುಗಳು ಕಣ್ಣಿಗೊತ್ತಿಕೊಂಡಾವು. ಬೀದಿಯ ಯಾವ ಭಾಗ ಯಾರದು ಎಂದು ಯಾರೂ ಗೆರೆ ಹಾಕಿಲ್ಲ, ಹಾಕಿದ ಗೆರೆಯನ್ನು ಯಾರೂ ಕಾಯಲಿಲ್ಲ.

ನಾನು ಹೇಳಬೇಕಾದ ಮಾತು ಇಷ್ಟೇ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ನಡೆಯುವವರ ಊರುಗಳು. ಬಸ್ ನಿಲ್ದಾಣದಿಂದ ಆಸ್ಪತ್ರೆಗೆ, ತಾಲ್ಲೂಕು ಕಚೇರಿಗೆ, ಸಂತೆಗೆ, ಶಾಲೆಗೆ, ಎಲ್ಲಕ್ಕೂ ನಡೆದೇ ಹೋಗಬಹುದು, ಜನ ಹೋಗುತ್ತಲೂ ಇದ್ದಾರೆ. ಆದರೆ ಅವರಿಗೆಂದು ಊರು ಕೊಟ್ಟಿರುವ ಜಾಗ ಒಂದೇ, ಚರಂಡಿಯ ಮೇಲೆ ಮುಚ್ಚಿದ ಚಪ್ಪಡಿ. ಆ ಚಪ್ಪಡಿಯನ್ನು ಸರಿಯಾಗಿ ನೋಡಿಕೊಂಡರೆ ಊರಿನ ಅರ್ಧ ಕಷ್ಟ ತೀರುತ್ತದೆ, ಯಾಕೆಂದರೆ ಮೇಲೆ ನಡೆಯುವ ಜನ, ಕೆಳಗೆ ಹರಿಯುವ ನೀರು, ಎರಡೂ ಅದರ ಲೆಕ್ಕಕ್ಕೇ ಬರುತ್ತವೆ.

ಹುಣಸೂರಿನ ಚಪ್ಪಡಿಯನ್ನು ನಾನು ದಿನವೂ ತುಳಿಯುತ್ತೇನೆ. ಹಳೇ ಪೇಟೆಯ ಒಂದು ಬೀದಿಯನ್ನೇ ತೆಗೆದುಕೊಳ್ಳಿ. ಮೊದಲ ಮನೆಯ ಮುಂದೆ ಕಾಂಕ್ರೀಟ್ ಸ್ಲಾಬು, ರಸ್ತೆಗಿಂತ ಮೊಣಕಾಲೆತ್ತರ. ಮುಂದಿನದು ಹಳೆಯ ಕಲ್ಲು ಚಪ್ಪಡಿ, ಒಂದು ಮೂಲೆ ಕುಸಿದಿದೆ, ಕಾಲಿಟ್ಟರೆ ‘ಗಡಕ್’ ಅನ್ನುತ್ತದೆ. ಅದರ ಮುಂದೆ ಚಪ್ಪಡಿಯೇ ಇಲ್ಲ, ಹೂಳು ತೆಗೆಯಲು ಎತ್ತಿದ್ದು ಗೋಡೆಗೆ ಒರಗಿಕೊಂಡಿದೆ, ತೆಗೆದ ಹೂಳು ಪಕ್ಕದಲ್ಲೇ ಗುಡ್ಡೆಯಾಗಿ ಒಣಗುತ್ತಿದೆ. ನಾಳೆ ಮಳೆ ಬಂದರೆ ಅದು ಮತ್ತೆ ಅದೇ ಚರಂಡಿಗೆ. ಮುಂದೆ ಒಬ್ಬರು ಮನೆಗೆ ಬೈಕ್ ಹತ್ತಿಸಲು ಚರಂಡಿಯ ಮೇಲೆ ಇಳಿಜಾರು ಕಟ್ಟಿಕೊಂಡಿದ್ದಾರೆ, ಅದರ ಕೆಳಗೆ ಗುದ್ದಲಿ ಹೋಗುವುದಿಲ್ಲ, ಆದ್ದರಿಂದ ಪೌರಕಾರ್ಮಿಕರು ಎಷ್ಟು ದುಡಿದರೂ ಅಲ್ಲಿಗೆ ಬಂದು ನೀರು ಕಟ್ಟಿಕೊಳ್ಳುತ್ತದೆ. ಸ್ಲಾಬಿನಿಂದ ಎದ್ದ ಕಬ್ಬಿಣದ ಸರಳು ಸೀರೆಯ ಅಂಚಿಗೆ ಸಿಕ್ಕಿಕೊಳ್ಳುವುದು ಇಲ್ಲಿನ ಹೆಂಗಸರಿಗೆಲ್ಲ ಗೊತ್ತು. ಆ ಬೀದಿಯ ತಿರುವಿನಲ್ಲಿ ಹೂವು ಮಾರುವ ಒಬ್ಬ ಹಿರಿಯರು ದೊಣ್ಣೆ ಊರಿಕೊಂಡು ಬರುತ್ತಾರೆ. “ಮೇಲೆ ಹತ್ತೋಕೆ ಮಂಡಿ ಬರಲ್ಲ ಕಣಕ್ಕ, ಕೆಳಗೆ ಇಳಿದ್ರೆ ಆಟೋದವ್ನು ಬಿಡಲ್ಲ” ಅಂದರು. ಊರಿನ ವಿನ್ಯಾಸದ ಬಗ್ಗೆ ನಾನು ಓದಿದ ಯಾವ ವರದಿಯೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ಹೀಗಿರಬೇಕು ಎಂದು ಬರೆದಿಟ್ಟ ನಿಯಮ ಇಲ್ಲ ಎಂದಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸು 2012ರಲ್ಲಿ ಪಾದಚಾರಿಗಳಿಗಾಗಿ ಪರಿಷ್ಕರಿಸಿದ ಮಾರ್ಗಸೂಚಿ ಹೊರಡಿಸಿದೆ. ವಸತಿ ಬೀದಿಯಲ್ಲಿ ಅಡೆತಡೆಯಿಲ್ಲದ 1.8 ಮೀಟರ್, ಅಂಗಡಿ ಬೀದಿಯಲ್ಲಿ 2.5 ಮೀಟರ್ ಕಾಲುದಾರಿ ಇರಬೇಕು, ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಒಂದು ಗೇಣಿಗಿಂತ ಕಡಿಮೆ. ಆ ಹೂವಿನವರ ಮಂಡಿಗೆ ಅಷ್ಟು ಸಾಧ್ಯ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಚರಂಡಿ ಕಾಮಗಾರಿಗೆ ಹಣ ಬಂದಾಗಲೆಲ್ಲ, ನಗರೋತ್ಥಾನದ್ದೋ ಹಣಕಾಸು ಆಯೋಗದ್ದೋ, ಅಂದಾಜುಪಟ್ಟಿಯಲ್ಲಿ ಚರಂಡಿಯ ಉದ್ದ, ಅಗಲ, ಆಳ ಇರುತ್ತದೆ. ಚಪ್ಪಡಿ ಇಡೀ ಬೀದಿಗೆ ಒಂದೇ ಮಟ್ಟದಲ್ಲಿರಬೇಕು ಎನ್ನುವ ಒಂದು ಸಾಲು ಸೇರಿಸಲು ಹೆಚ್ಚುವರಿ ಖರ್ಚೇನೂ ಬೇಕಿಲ್ಲ.

ಚಪ್ಪಡಿಯ ಕೆಳಗಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಅದರ ಜೊತೆಗೇ ನಡೆದರೆ ಲಕ್ಷ್ಮಣತೀರ್ಥ ಸಿಗುತ್ತದೆ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ, ಹನಗೋಡಿನ ಅಣೆಕಟ್ಟೆ ದಾಟಿ ಬರುವ ಹೊಳೆ ಇದು. ಹನಗೋಡಿನಲ್ಲಿ ನೋಡಿದವರು ಅದನ್ನೇ ಹುಣಸೂರಿನ ಸೇತುವೆಯ ಮೇಲೆ ನಿಂತು ನೋಡಿದರೆ ಗುರುತು ಹಿಡಿಯಲಾರರು. ಬೇಸಿಗೆಯಲ್ಲಿ ಜಲಕಳೆ ದಡದಿಂದ ದಡಕ್ಕೆ ಹಬ್ಬಿ, ನೀರು ಹಸಿರು ಹುಲ್ಲುಗಾವಲಿನ ಹಾಗೆ ಕಾಣುತ್ತದೆ. ಆ ಹಸಿರಿಗೆ ಗೊಬ್ಬರ ನಮ್ಮ ಮನೆಗಳ ಬಚ್ಚಲು, ಹೋಟೆಲಿನ ಎಂಜಲು, ಕಟ್ಟಿಕೊಂಡ ಒಳಚರಂಡಿಯಿಂದ ಮೇಲೆ ಬಂದದ್ದು. ವರ್ಷಕ್ಕೊಮ್ಮೆ ಜೆಸಿಬಿ ತಂದು ಕಳೆ ಎತ್ತುತ್ತಾರೆ, ಮತ್ತೆ ಬೆಳೆಯುತ್ತದೆ. ಊಟ ಹಾಕುತ್ತಲೇ ಇದ್ದರೆ ಬೆಳೆಯದೆ ಇನ್ನೇನು?

ಈ ಹೊಳೆ ಇಲ್ಲಿಂದ ಮುಂದೆ ಹೋಗಿ ಸಾಗರಕಟ್ಟೆಯ ಬಳಿ ಕಾವೇರಿಯನ್ನು ಸೇರುತ್ತದೆ. ಅದು ಕನ್ನಂಬಾಡಿಯ ಹಿನ್ನೀರು. ಅಂದರೆ ಹುಣಸೂರಿನ ಒಂದು ಗಲ್ಲಿಯಲ್ಲಿ ಚಪ್ಪಡಿ ಸರಿಸಿ ಸುರಿದದ್ದು, ಕೆಳಗಿನ ಊರುಗಳು ಕುಡಿಯಲು ಎತ್ತುವ ನೀರಿಗೆ ಸೇರುತ್ತದೆ. ಎಡತೊರೆಯ ಕಾವೇರಿಯದೂ ಅದೇ ದಾರಿ. ಕೆಳಗಿನವರು ಶುದ್ಧೀಕರಣಕ್ಕೆ ಹಾಕುವ ಹಣದಲ್ಲಿ ಒಂದು ಪಾಲು ಮೇಲಿನ ಊರುಗಳ ಒಳಚರಂಡಿಗೆ ಬಂದಿದ್ದರೆ ಇಬ್ಬರಿಗೂ ಲಾಭವಿತ್ತು. ಒಂದೇ ಹೊಳೆಯ ಊರುಗಳು ಒಟ್ಟಿಗೆ ಕೂತು ಮಾತಾಡುವ ಒಂದು ಜಾಗ ನಮ್ಮ ಜಿಲ್ಲೆಯಲ್ಲಿ ಬೇಕು. ಗಡಿ ಇರುವುದು ಪುರಸಭೆಗಳಿಗೆ, ನೀರಿಗಲ್ಲ.

2019ರ ಆಗಸ್ಟಿನಲ್ಲಿ ಲಕ್ಷ್ಮಣತೀರ್ಥ ತಾನೇ ಊರೊಳಗೆ ಬಂತು. ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಹಾಸಿಗೆ, ಅಕ್ಕಿ, ಮಕ್ಕಳ ಪುಸ್ತಕಗಳನ್ನು ಜನ ತಲೆಯ ಮೇಲೆ ಹೊತ್ತು ಹೊರಬಂದರು. ಆಗ ಎಲ್ಲರೂ ಕೊಡಗಿನ ಮಳೆಯನ್ನು ಬೈದರು. ಮಳೆ ಹೆಚ್ಚೇ ಇತ್ತು, ನಿಜ. ಆದರೆ ಹೊಳೆ ಮಳೆಗಾಲದಲ್ಲಿ ಮಗ್ಗುಲು ಹೊರಳಿಸುವ ತಗ್ಗು ಜಾಗಗಳನ್ನು ನಿವೇಶನ ಮಾಡಿ ಮಾರಿದ್ದು ಮಳೆಯಲ್ಲ. ನಿವೇಶನ ಕೊಂಡವರು ಜೀವಮಾನದ ಉಳಿತಾಯ ಹಾಕಿದ ಸಣ್ಣ ನೌಕರರು, ಹೊಗೆಸೊಪ್ಪಿನ ದುಡ್ಡು ಕೂಡಿಟ್ಟ ರೈತರು. ಅವರನ್ನು ದೂರುವುದು ಅನ್ಯಾಯ. ಬಡಾವಣೆಯ ನಕ್ಷೆಗೆ ಮುದ್ರೆ ಒತ್ತುವ ಮೊದಲು ಆ ಜಾಗದ ಹಳೆಯ ನೆರೆಯ ಗುರುತು ಕೇಳಬೇಕಿತ್ತು. ದಡದ ಹೊಲಗಳ ಹಿರಿಯರು ‘ಇಲ್ಲೀವರೆಗೆ ಬಂದಿತ್ತು’ ಎಂದು ಕೈ ತೋರಿಸಿ ಹೇಳುತ್ತಾರೆ. ಆ ಗುರುತುಗಳನ್ನು ಕಲ್ಲಿನಲ್ಲಿ ನೆಟ್ಟು, ನಕ್ಷೆಯಲ್ಲಿ ಬರೆದು, ಅದರ ಒಳಗೆ ಆಟದ ಬಯಲು, ತೋಪು, ಸಂತೆಮಾಳ ಬಿಟ್ಟರೆ ಸಾಕು. ನೆರೆ ಬಂದರೆ ಬಯಲು ನೆನೆಯುತ್ತದೆ, ಇಳಿದ ಮೇಲೆ ಮಕ್ಕಳು ಮತ್ತೆ ಆಡುತ್ತಾರೆ.

2011ರ ಜನಗಣತಿಯಲ್ಲಿ ಹುಣಸೂರಿನ ಜನಸಂಖ್ಯೆ 50 ಸಾವಿರ ದಾಟಿತ್ತು. ಕರ್ನಾಟಕದ ಪೌರಸಭೆಗಳ ಕಾನೂನಿನಲ್ಲಿ ನಗರಸಭೆಯ ಗೆರೆ ಅದೇ, ಹಾಗಾಗಿ ನಮ್ಮದು ಈಗ ನಗರಸಭೆ. ದೇವರಾಜ ಅರಸರ ತಾಲ್ಲೂಕು, ಮರದ ಕೆಲಸಕ್ಕೆ, ಗಾಡಿ ಮಾಡುವುದಕ್ಕೆ ಹೆಸರಾದ ಊರು. ಹೆಸರು ದೊಡ್ಡದಾಗಿದೆ, ನಡೆಯುವ ಜಾಗ ಮಾತ್ರ ಅಷ್ಟೇ ಇದೆ.

ಬೀದಿ ಬದಿಯ ವ್ಯಾಪಾರಿಗಳ ಬಗ್ಗೆ ಒಂದು ಮಾತು. ಕಾಲುದಾರಿ ಅಂದ ಕೂಡಲೇ ಎಲ್ಲರ ಬೆರಳು ಮೊದಲು ಅವರ ಕಡೆ ಹೋಗುತ್ತದೆ. ನನ್ನ ಅನುಭವ ಬೇರೆ. ಸೊಪ್ಪಿನ ಬುಟ್ಟಿ ಇಟ್ಟುಕೊಂಡ ಹೆಂಗಸು ನಾಲ್ಕಡಿ ಜಾಗದಲ್ಲಿ ಕೂತಿರುತ್ತಾಳೆ, ನಾವು ಬಂದರೆ ಬುಟ್ಟಿ ಎಳೆದುಕೊಳ್ಳುತ್ತಾಳೆ. ನಿಲ್ಲಿಸಿ ಹೋದ ಕಾರು ಎಳೆದುಕೊಳ್ಳುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರತಿ ಊರಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ. ಎಬ್ಬಿಸುವ ಜೀಪು ಬರುವ ಮೊದಲು ಆ ಸಮಿತಿ ಸಭೆ ಸೇರಲಿ.

ಹುಣಸೂರು ಬಿಟ್ಟು ಪಿರಿಯಾಪಟ್ಟಣಕ್ಕೆ ಬಂದರೆ ಊರಿನ ಎದೆಯ ಮೇಲೇ ಹೆದ್ದಾರಿ. ಮೈಸೂರಿನಿಂದ ಮಡಿಕೇರಿ ಹತ್ತಿ ಬಂಟ್ವಾಳಕ್ಕೆ ಇಳಿಯುವ ಈ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 275, ಜನರ ಬಾಯಲ್ಲಿ ಬಿ.ಎಂ. ರಸ್ತೆ. ಕೊಡಗಿಗೆ ಹೋಗುವ ಪ್ರವಾಸಿ ಕಾರು, ಬೈಲಕುಪ್ಪೆಯ ಟಿಬೆಟನ್ನರ ಗುಡಿ ನೋಡಲು ಹೊರಟ ಬಸ್ಸು, ಮಂಗಳೂರಿನ ಲಾರಿ, ಎಲ್ಲ ಇಲ್ಲೇ. ಹೊಗೆಸೊಪ್ಪಿನ ಹರಾಜು ಶುರುವಾದ ಮೇಲೆ ಬೇಲು ಹೇರಿದ ಗೂಡ್ಸ್ ಆಟೋಗಳ ಸಾಲು ಬೇರೆ. ರಸ್ತೆಯ ಈಚೆ ಇರುವ ಔಷಧಿ ಅಂಗಡಿಯಿಂದ ಆಚೆ ದಾಟಲು ಒಬ್ಬ ತಾಯಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಕಾಯುತ್ತಾಳೆ. ಒಂದು ಕಾರು ನಿಲ್ಲಿಸಿ ಕೈ ಬೀಸಿ ಹೋಗು ಅನ್ನುತ್ತದೆ, ಅದರ ಪಕ್ಕದಿಂದ ಬೈಕು ನುಗ್ಗುತ್ತದೆ. ಆಕೆ ಅರ್ಧಕ್ಕೆ ಹೋಗಿ ಹಿಂದಕ್ಕೆ ಬರುತ್ತಾಳೆ.

ಇಷ್ಟು ವಾಹನ ಹರಿಯುವ ಊರಿಗೆ ಒಂದು ಕಾಲದಲ್ಲಿ ಕಂದಕವಿತ್ತು. ಚೆಂಗಾಳ್ವರ ರಾಜಧಾನಿ ಇದು. ಕಂಠೀರವ ನರಸರಾಜರ ಸೇನೆ ಬಂದು ಕೋಟೆ ಗೆದ್ದದ್ದನ್ನು ಈ ಕಡೆಯ ಜನ ಇಂದಿಗೂ ಪಿರಿಯಾಪಟ್ಟಣದ ಕಾಳಗವೆಂದೇ ಹೇಳುತ್ತಾರೆ. ಕೋಟೆ ಗೋಡೆ ಈಗ ತುಂಡು ತುಂಡು, ಮುಳ್ಳುಪೊದೆ. ಕೋಟೆಯ ಪಕ್ಕ ಒಂದು ಒಳ್ಳೆಯ ಸಂಜೆ ನಡಿಗೆಯ ದಾರಿ ಮಾಡಿ, ಮಸಣಿಕಮ್ಮನ ಗುಡಿಯವರೆಗೆ ಮರದ ನೆರಳಲ್ಲಿ ಕೂಡಿಸಿದರೆ ಈ ಊರಿಗೆ ಹೆದ್ದಾರಿಯ ಬದಿ ಬಿಟ್ಟು ಕೂರಲು ಒಂದು ಜಾಗ ಸಿಗುತ್ತದೆ. ಜಾತ್ರೆಯ ದಿನಗಳಲ್ಲಿ ಸುತ್ತಲ ಹಳ್ಳಿಯಿಂದ ಬರುವ ಜನಕ್ಕೂ ಅದೇ ದಾರಿ. ಇದಕ್ಕೆ ಬೇಕಾದ ಮಣ್ಣು, ಕಲ್ಲು, ಗಿಡ ಎಲ್ಲ ಇಲ್ಲೇ ಇದೆ.

ಈಗ ಇಲ್ಲಿ ಒಂದು ಅಪರೂಪದ ಅವಕಾಶ ಬಂದಿದೆ. ಮೈಸೂರು-ಕುಶಾಲನಗರದ ನಡುವೆ 92 ಕಿಲೋಮೀಟರಿನ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚಿನಲ್ಲಿ ಪ್ರಧಾನಿ ಮಂಡ್ಯದಲ್ಲಿ ಶಂಕುಸ್ಥಾಪನೆ ಮಾಡಿದರು. ಅದು ಊರುಗಳ ಹೊರಗಿನಿಂದ ಹೋಗುವ ದಾರಿ. ಮುಗಿದರೆ ಪಿರಿಯಾಪಟ್ಟಣದ ಒಳಗಿನ ರಸ್ತೆಯಿಂದ ದೂರದೂರಿನ ವಾಹನ ಬಹುಪಾಲು ಕಳಚಿಕೊಳ್ಳುತ್ತದೆ. ಅಂಗಡಿಯವರಿಗೆ ಭಯವಿದೆ. ಟೀ ಅಂಗಡಿಯ ಒಬ್ಬರು ನನ್ನ ಹತ್ತಿರ ಹೇಳಿದರು, “ಆ ಕಡೆಯಿಂದ ಓಗ್ಬುಟ್ರೆ ನಮ್ಗೆ ಯಾಪಾರ ಎಲ್ಲೈತಕ್ಕ?” ಭಯ ಸುಳ್ಳಲ್ಲ. ದೂರದ ಪ್ರವಾಸಿ ನಿಲ್ಲದಿದ್ದರೆ ಟೀ ಕಡಿಮೆಯಾಗುತ್ತದೆ. ಆದರೆ ಈ ಊರಿನ ನಿಜವಾದ ಗಿರಾಕಿ ಬೆಟ್ಟದಪುರದ ಕಡೆಯಿಂದ, ಕಂಪಲಾಪುರದ ಕಡೆಯಿಂದ ಬರುವ ರೈತ. ಅವನು ಗೊಬ್ಬರ ತಗೊಂಡು, ಮಗಳಿಗೆ ಬಟ್ಟೆ ತಗೊಂಡು, ಊಟ ಮಾಡಿ ಹೋಗುವವನು. ಅವನಿಗೆ ಬೈಕ್ ನಿಲ್ಲಿಸಲು ಜಾಗ, ಹೆಂಡತಿಗೆ ಶೌಚಾಲಯ, ಇಬ್ಬರಿಗೂ ಕೂರಲು ನೆರಳು ಕೊಟ್ಟರೆ ಅವನು ಇನ್ನೊಂದು ಗಂಟೆ ಪೇಟೆಯಲ್ಲಿರುತ್ತಾನೆ.

ಹೆದ್ದಾರಿ ಆಚೆ ಹೋದ ಮೇಲೆ ಒಳಗಿನ ತುಂಡನ್ನು ಹೇಗೆ ಬಿಟ್ಟುಕೊಡುತ್ತಾರೆ ಅನ್ನುವುದೇ ನನ್ನ ಆತಂಕ. ಡಾಂಬರು ಹಾಕಿ, ನಡುವೆ ವಿಭಜಕ ಇಟ್ಟು, ಎರಡೂ ಬದಿ ವಾಹನದ ವೇಗ ಇನ್ನಷ್ಟು ಹೆಚ್ಚುವಂತೆ ಮಾಡಿ ‘ಅಭಿವೃದ್ಧಿ’ ಎಂದರೆ ಸಿಕ್ಕಿದ ಅವಕಾಶ ಕೈತಪ್ಪಿತು. ಹಸ್ತಾಂತರದ ನಕ್ಷೆಯಲ್ಲೇ ಎರಡೂ ಬದಿ 2.5 ಮೀಟರ್ ಕಾಲುದಾರಿ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಮುಂದೆ ರಸ್ತೆಯನ್ನೇ ಎತ್ತರಿಸಿ ಮಾಡಿದ ದಾಟು, ಸಾಲುಮರದ ಗುಂಡಿ, ಇಷ್ಟು ಬರೆದಿರಬೇಕು. ಈ ಬಗ್ಗೆ ಪುರಸಭೆ ಠರಾವು ಮಾಡಿ ಕಳಿಸಲು ಇದು ಸಮಯ. ರಸ್ತೆ ಕೈಗೆ ಬಂದ ಮೇಲೆ ಕೇಳಿದರೆ ಅನುದಾನ ಎಲ್ಲಿದೆ ಅನ್ನುತ್ತಾರೆ. ರಸ್ತೆ ಒಂದು ಇಲಾಖೆಯದು, ಚರಂಡಿ ಪುರಸಭೆಯದು, ನೀರಿನ ಕೊಳವೆ ಒಂದು ಮಂಡಳಿಯದು, ಕಂಬ ಸೆಸ್ಕಿನದು. ಕಾಲುದಾರಿಯ ನಡುವೆ ಕಂಬ ನಿಂತಿರುವುದು ಈ ನಾಲ್ವರೂ ಒಂದು ದಿನ ಒಂದೇ ಬೀದಿಯಲ್ಲಿ ಒಟ್ಟಿಗೆ ನಡೆಯದ್ದರಿಂದ.

ಎಚ್.ಡಿ. ಕೋಟೆಗೆ ಹೋಗುವ ದಾರಿಯಲ್ಲಿ, ಸರಗೂರಿಗೆ ಕವಲೊಡೆಯುವ ಹ್ಯಾಂಡ್‌ಪೋಸ್ಟಿನಲ್ಲೇ ಹೊಸ ಪೇಟೆಯೊಂದು ಬೆಳೆದು ನಿಂತಿದೆ. ಹಳೆಯ ಊರಿಗೂ ಇದಕ್ಕೂ ನಡುವೆ ಹೊಲಗಳು ನಿವೇಶನವಾಗುತ್ತಿವೆ. ಇನ್ನು ಹತ್ತು ವರ್ಷಕ್ಕೆ ಎರಡೂ ಒಂದೇ ಊರು. ಆ ನಡುವಿನ ತುಂಡಿಗೆ ಇವತ್ತೇ ದಾರ ಹಿಡಿದರೆ ಕೆ.ಆರ್. ನಗರಕ್ಕೆ ಸಿಕ್ಕಿದ್ದು ಕೋಟೆಗೂ ಸಿಗುತ್ತದೆ. ಮನೆಗಳು ಎದ್ದ ಮೇಲೆ ಯಾರ ಗೋಡೆಯನ್ನು ಒಡೆಯುತ್ತೀರಿ?

ಹಿಂದಿನ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಾಲ್ಕು ಜಲಾಶಯ. ಕಬಿನಿ, ನುಗು, ತಾರಕ, ಹೆಬ್ಬಳ್ಳ. 1974ರಲ್ಲಿ ಮುಗಿದ ಕಬಿನಿಯೊಂದೇ 19.52 ಟಿಎಂಸಿ ಹಿಡಿಯುತ್ತದೆ. ಅದಕ್ಕಾಗಿ ಊರು ಬಿಟ್ಟವರು, ಕಾಡು ಬಿಟ್ಟವರು ಈ ಸುತ್ತಿನವರೇ. ಹಾಡಿಯ ಜೇನುಕುರುಬರು, ಕಾಡುಕುರುಬರು ಪಡಿತರದ ತಿದ್ದುಪಡಿಗೆ, ಆಧಾರಿಗೆ, ಜಾತಿ ಪ್ರಮಾಣಪತ್ರಕ್ಕೆ, ಹೆರಿಗೆಗೆ ಬರುವುದು ಈ ಪೇಟೆಗೆ. ಕಬಿನಿಯ ಹಿನ್ನೀರಿನ ರೆಸಾರ್ಟುಗಳಿಗೆ ಹೋಗುವ ಕಾರುಗಳೂ ಇದೇ ಬೀದಿಯಲ್ಲಿ ಗಾಜು ಏರಿಸಿಕೊಂಡು ಹೋಗುತ್ತವೆ. ಮಾನಂದವಾಡಿಯ ದಾರಿ ಕಾಡಿನೊಳಗೆ ಸಂಜೆ 6ಕ್ಕೆ ಮುಚ್ಚುವುದರಿಂದ ಮಧ್ಯಾಹ್ನದ ಮೇಲೆ ಅವಸರದ ವಾಹನಗಳು ಹೆಚ್ಚು. ಕಾಡಿನ ಪ್ರಾಣಿಗೆ ಸಿಕ್ಕ ಆ ಹನ್ನೆರಡು ಗಂಟೆಯ ರಕ್ಷಣೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಪೇಟೆಯಲ್ಲಿ ನಡೆಯುವ ಮನುಷ್ಯನಿಗೂ ಒಂದಿಷ್ಟು ರಕ್ಷಣೆ ಬೇಕು ಎನ್ನುವುದಷ್ಟೇ ನನ್ನ ಕೋರಿಕೆ.

2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ನಾಲ್ಕೂ ಊರಿನ ಬಸ್ ನಿಲ್ದಾಣದ ಚಹರೆ ಬದಲಾಗಿದೆ. ಹೆಂಗಸರು ಒಬ್ಬೊಬ್ಬರೇ ಬರುತ್ತಾರೆ, ತಮ್ಮ ಕೆಲಸಕ್ಕೆ ತಾವೇ ಬರುತ್ತಾರೆ. ಇದು ದೊಡ್ಡ ಸಂಗತಿ. ಬಸ್ಸು ಬಂತು, ಊರು ಇನ್ನೂ ಬಂದಿಲ್ಲ. ನಿಲ್ದಾಣ ದಾಟಿ ಪೇಟೆಗೆ ಕಾಲಿಟ್ಟರೆ ಹೆಂಗಸಿಗೆ ಧೈರ್ಯವಾಗಿ ಹೋಗಬಲ್ಲ ಶೌಚಾಲಯ ಹುಡುಕಬೇಕು. ನೀರಿರಬೇಕು, ಬಾಗಿಲಿಗೆ ಚಿಲಕವಿರಬೇಕು, ಸಂಜೆಗೆ ದೀಪ ಇರಬೇಕು, ಹೊರಗೆ ಗಂಡಸರು ಗುಂಪು ಕಟ್ಟಿಕೊಂಡು ನಿಲ್ಲದ ಕಡೆ ಇರಬೇಕು. ಕಚೇರಿಯ ಸರದಿಯಲ್ಲಿ ಅರ್ಧ ದಿನ ನಿಲ್ಲಬೇಕೆಂದು ಗೊತ್ತಿದ್ದ ದಿನ ನಾವು ಬೆಳಿಗ್ಗೆಯಿಂದಲೇ ನೀರು ಕುಡಿಯುವುದಿಲ್ಲ. ನಾಲ್ಕು ಜಲಾಶಯದ ತಾಲ್ಲೂಕಿನಲ್ಲೂ ಹೆಂಗಸರು ಬಾಯಾರಿಕೊಂಡೇ ಬಸ್ಸು ಹತ್ತುತ್ತಾರೆ.

ಕೋಟೆಯ ಆಸ್ಪತ್ರೆಯ ಕಡೆ ಹೋಗುವಾಗ ಹಾಡಿಯಿಂದ ಬಂದ ಒಬ್ಬ ಅಜ್ಜಿ, ಏಳು ತಿಂಗಳ ಬಸುರಿ ಮೊಮ್ಮಗಳನ್ನು ರಟ್ಟೆ ಹಿಡಿದು ನಡೆಸುತ್ತಿದ್ದರು. ಚಪ್ಪಡಿ ಮುರಿದ ಕಡೆ ಇಬ್ಬರೂ ರಸ್ತೆಗಿಳಿದರು, ಬಸ್ಸು ಹಾರನ್ನು ಹೊಡೆಯಿತು, ಮತ್ತೆ ಮೇಲೆ ಹತ್ತಿದರು. “ಈ ಕಾಡೂರ್ನೋರ್ಗೆ ಕಾಡ್ನಾಗೆ ನಡ್ಯೋದೇ ಸಲೀಸು ಕಣವ್ವ” ಅಂದರು ಅಜ್ಜಿ. ನಿಲ್ದಾಣದಿಂದ ಆಸ್ಪತ್ರೆಯವರೆಗಿನ ಈ ದಾರಿಯನ್ನೇ ಮೊದಲು ಹಿಡಿಯಿರಿ ಎಂದು ನಾನು ನಾಲ್ಕೂ ಊರಿನ ಸದಸ್ಯರನ್ನು, ಮುಖ್ಯಾಧಿಕಾರಿಗಳನ್ನು ಕೇಳುತ್ತೇನೆ. ಇಡೀ ಊರಿಗೆ ಯೋಜನೆ ಬರೆಯುತ್ತ ಕೂರುವುದು ಬೇಡ. ಒಂದೇ ಮಟ್ಟದ ಚಪ್ಪಡಿ, ಎತ್ತಿದ ಮೇಲೆ ಅದೇ ದಿನ ಮುಚ್ಚುವ ಕಟ್ಟುಪಾಡು, ತೆಗೆದ ಹೂಳನ್ನು ಅದೇ ಟ್ರ್ಯಾಕ್ಟರಿನಲ್ಲಿ ಸಾಗಿಸುವ ಷರತ್ತು, ನಡುವೆ ಒಂದು ಶೌಚಾಲಯ, ಎರಡು ಬೆಂಚು, ಹೊಂಗೆಯೋ ನೇರಳೆಯೋ ನಾಲ್ಕು ಗಿಡ. ಮುಂಗಾರಿಗೆ ಮೊದಲು ಹೂಳೆತ್ತುವ ಟೆಂಡರು ಹೇಗೂ ಕರೆಯುತ್ತೀರಿ, ಷರತ್ತುಗಳನ್ನು ಆ ಟೆಂಡರಿಗೇ ಸೇರಿಸಿ. ಕೆಲಸ ಮುಗಿದ ದಿನ ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕುವ ಮೊದಲು, ಅಂಥ ಅಜ್ಜಿಯೊಬ್ಬರ ಜೊತೆ ಆ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ. ಅವರು ಎಲ್ಲೂ ರಸ್ತೆಗೆ ಇಳಿಯದಿದ್ದರೆ ಬಿಲ್ಲು ಪಾಸು ಮಾಡಿ.